ಗಾಲಿಯ ಮೇಲಿನ ಮನೆಗೆ ನೀರಿಲ್ಲದ ಬಚ್ಚಲು

ಈ ಭಾಷಣದ ಹೆಸರು ಕಿವಿಗೆ ಬಿದ್ದೊಡನೆ ಕೆಲವರು ಬಾನುಲಿಯ ಕಿವಿ ಹಿಂಡಲು ಎದ್ದಿರಬಹುದು. ಮನೆಮಂದಿಯೆಲ್ಲ ಕುಳಿತು ಕೇಳುವ ಹೊತ್ತಿನಲ್ಲಿ ಇದೇನು ಮಾತು ಎಂದು ಹಿರಿಯರು ಗೊಣಗಿರಬಹುದು. ದಯವಿಟ್ಟು ಸ್ವಲ್ಪ ತಾಳಿಕೊಳ್ಳಬೇಕು. ಅರಸನಿಗೂ ಆಳಿಗೂ ಒಂದೇ ಸಮನಾಗಿ ತಪ್ಪದಿರುವ ಕೆಲಸವಿದು. ನಾವು ಅದರ ಮಾತೆತ್ತದಿದ್ದ ಮಾತ್ರಕ್ಕೆ ಅದು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ಮಾತೆತ್ತದೆ ಇದ್ದುದರಿಂದ ಆದ ಕೇಡು ಮಾತ್ರ ಸಣ್ಣದಲ್ಲ.

ನಮ್ಮ ನುಡಿಯನ್ನೇ ನೋಡಿ. ಈ ಕೆಲಸಕ್ಕೆ ನೇರವಾದ ಹೆಸರಿಡಲು ನಾಚಿ, ಹೋಗುವ ದಿಕ್ಕನ್ನೇ ನಾವು ಹೆಸರು ಮಾಡಿಕೊಂಡೆವು. 'ಬಹಿರ್ದೆಸೆ' ಎಂದರೆ ಹೊರಗಿನ ದಿಕ್ಕು. 'ಬಯಲಕಡೆ', 'ಕೆರೆಯ ಕಡೆ', 'ಚೊಂಬು ಹಿಡಿದು ಹೋದರು' ಎಂಬ ಮಾತುಗಳೂ ಹಾಗೆಯೇ ಹುಟ್ಟಿದವು. 'ಪಾಯಿಖಾನೆ' ಪಾರಸಿಯಿಂದ ಬಂತು. 'ಕಕ್ಕಸು' ಡಚ್ಚರ ನುಡಿಯಿಂದ ಬಂದುದೆಂದು ಬಲ್ಲವರು ಹೇಳುತ್ತಾರೆ. 'ಶೌಚ' ಎಂಬ ಸಂಸ್ಕೃತ ಶಬ್ದಕ್ಕೆ ಮೂಲದಲ್ಲಿ ಶುಚಿತ್ವ ಎಂದಷ್ಟೇ ಅರ್ಥ. ಈ ಹೆಸರುಗಳ ಹಿಂದಿನ ಭಾವನೆ ಒಂದೇ: ಅದು ಮನೆಯ ಹೊರಗೆ, ಕಣ್ಣಿನ ಮರೆಯಲ್ಲಿ ಮುಗಿದುಹೋಗಬೇಕಾದ ಕೆಲಸ. ಹಾಗಾದರೆ ಮನೆಯೇ ಗಾಲಿಯ ಮೇಲೆ ಹೊರಟಾಗ ಹೊರಗು ಎಲ್ಲಿ, ಒಳಗು ಎಲ್ಲಿ? ಇದೇ ಇಂದಿನ ಪ್ರಶ್ನೆ.

ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ತಿರುಗುವ ಹವ್ಯಾಸ ಯೂರೋಪು ಅಮೆರಿಕಗಳಲ್ಲಿ ಹಳೆಯದು. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆಯವರು 1951ರಲ್ಲಿಯೇ ಮಂಚ ಕಪಾಟುಗಳನ್ನು ಜೋಡಿಸಿಕೊಡತೊಡಗಿದರು. ಈಗ ಸಾಮಾನು ಸಾಗಿಸುವ ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್ ಮೊದಲಾದ ವ್ಯಾನುಗಳನ್ನು ಕೊಂಡು, ಮರಗೆಲಸ ತಂತಿಗೆಲಸಗಳನ್ನೆಲ್ಲ ತಾವೇ ಮಾಡಿಕೊಂಡು ಮನೆ ಹೂಡುವವರು ಅಲ್ಲಿ ಬಹಳ ಮಂದಿ. ನಮ್ಮ ನೆರೆಯ ಕೇರಳ ರಾಜ್ಯವೂ 2021ರಲ್ಲಿ ಇಂಥ ಕ್ಯಾರವಾನ್ ಪ್ರವಾಸಕ್ಕೆ ಒಂದು ಯೋಜನೆಯನ್ನು ಪ್ರಕಟಿಸಿತು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೊಂದು ವ್ಯಾನನ್ನು ಸಿದ್ಧಮಾಡಿಕೊಂಡ. ಹಾಸನದ ಕಡೆಯಿಂದ ಅವನ ತಂದೆತಾಯಿ ಮಗನ ಮನೆಗೆ ಹೋಗಿದ್ದರು. ದೂರ ಹೊರಡುವ ದಿನ ಆ ತಾಯಿ ಬೆಳಗಿನಿಂದ ನೀರೇ ಮುಟ್ಟುತ್ತಿರಲಿಲ್ಲವಂತೆ. ಅವರಿಗಾಗಿಯೇ ವ್ಯಾನಿನಲ್ಲಿ ನೀರು ಬೇಡದ ಶೌಚಾಲಯವನ್ನು ಕೂರಿಸಿದೆನೆಂದು ಬರೆದು, ಮಾಡಿದ ಬಗೆಯನ್ನೆಲ್ಲ ವಿವರಿಸಿದ. ಆ ತಾಯಿಯ ವ್ರತ ನಮ್ಮಲ್ಲಿ ಯಾರ ಮನೆಗೆ ಹೊಸದು? ಮದುವೆಗೆಂದೋ ಜಾತ್ರೆಗೆಂದೋ ಬಸ್ಸು ಹತ್ತುವ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯದೆ, ಕುಡಿದುದನ್ನೂ ತಡೆದುಕೊಂಡು ಹಗಲೆಲ್ಲ ಕಳೆಯುತ್ತಾರೆ. ಅದು ಮೂತ್ರನಾಳದ ಸೋಂಕಿಗೆ ದಾರಿಯೆಂದು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಆದಕಾರಣ ಈ ಏರ್ಪಾಟನ್ನು ಸಿರಿವಂತರ ಶೋಕಿಯೆಂದು ತಳ್ಳಿಹಾಕಲಾಗದು.

ನೀರು ಹಾಯಿಸುವ ಶೌಚಾಲಯವನ್ನೇ ವ್ಯಾನಿನಲ್ಲಿ ಏಕೆ ಇಡಬಾರದು ಎಂದು ಕೇಳಬಹುದು. ಲೆಕ್ಕ ಹಾಕೋಣ. ಇಂಥ ವ್ಯಾನಿನ ನೀರಿನ ತೊಟ್ಟಿ ಸಾಮಾನ್ಯವಾಗಿ 50ರಿಂದ 100 ಲೀಟರಿನದು. ಮನೆಯ ಫ್ಲಷ್ ತೊಟ್ಟಿ ಒಂದು ಸಲಕ್ಕೆ ಸುಮಾರು 6 ಲೀಟರು ಸುರಿಸುತ್ತದೆ. ಇಬ್ಬರು ಸೇರಿ ದಿನಕ್ಕೆ ಹತ್ತು ಸಲ ಹೋದರೆ 60 ಲೀಟರಾಯಿತು. ಕುಡಿಯಲು, ಬೇಯಿಸಲು ಉಳಿದುದೇನು? ಸುರಿದ ನೀರು ಮಾಯವಾಗುವುದೂ ಇಲ್ಲ. ಅಷ್ಟೂ ಹೊಲಸು ನೀರಾಗಿ ಇನ್ನೊಂದು ತೊಟ್ಟಿಯಲ್ಲಿ ನಿಂತು, ವ್ಯಾನಿನೊಡನೆ ಊರೂರು ತಿರುಗುತ್ತದೆ. ಸ್ವಲ್ಪವೇ ನೀರೂ ರಾಸಾಯನಿಕ ದ್ರವವೂ ಇರುವ ಪೆಟ್ಟಿಗೆಗಳುಂಟು. ಅವುಗಳನ್ನು ಎರಡು ಮೂರು ದಿನಕ್ಕೊಮ್ಮೆ, ಅದಕ್ಕೆಂದೇ ಗೊತ್ತುಮಾಡಿದ ಸ್ಥಳವನ್ನು ಹುಡುಕಿಕೊಂಡು ಹೋಗಿ ಬರಿದುಮಾಡಬೇಕು. ಚಳಿನಾಡುಗಳಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವ ತೊಂದರೆಯೂ ಸೇರಿಕೊಳ್ಳುತ್ತದೆ.

ನೀರಿಲ್ಲದೆ ಶೌಚವೇ ಎಂದು ಹುಬ್ಬೇರಿಸಬೇಡಿ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಫೋರ್ಡಿಂಗ್‌ಟನ್ ಎಂಬಲ್ಲಿ ಹೆನ್ರಿ ಮೌಲ್ ಎಂಬ ಪಾದ್ರಿಗಳಿದ್ದರು. 1854ರಲ್ಲಿ ಅವರ ಊರಿಗೆ ಕಾಲರಾ ಬಂತು. ಮಲಗುಂಡಿಗಳ ಹೊಲಸನ್ನು ಕಂಡು ನೊಂದ ಅವರು ಪ್ರಯೋಗಕ್ಕೆ ತೊಡಗಿ, ಒಣಮಣ್ಣು ಮುಚ್ಚಿದರೆ ಮಲದ ನಾತ ಅಡಗಿ ಕೆಲವು ವಾರಗಳಲ್ಲಿ ಅದು ಮಣ್ಣಿನಂತೆಯೇ ಆಗುವುದನ್ನು ಕಂಡುಕೊಂಡರು. ಹಿಡಿ ಎಳೆದರೆ ನೀರಿಗೆ ಬದಲಾಗಿ ಒಣಮಣ್ಣು ಸುರಿಯುವ ಪೀಠವೊಂದಕ್ಕೆ 1860ರಲ್ಲಿ ಹಕ್ಕುಪತ್ರ ಪಡೆದರು. 1939ರಲ್ಲಿ ಸ್ವೀಡನ್ನಿನ ರಿಕಾರ್ಡ್ ಲಿಂಡ್‌ಸ್ಟ್ರೋಮ್ ಎಂಬವರು ಇಳಿಜಾರಾದ ತೊಟ್ಟಿಯಲ್ಲಿ ಮಲವೂ ಅಡುಗೆಮನೆಯ ಕಸವೂ ನಿಧಾನವಾಗಿ ಕೊಳೆತು ಗೊಬ್ಬರವಾಗುವ ಏರ್ಪಾಟನ್ನು ಮಾಡಿದರು. ಇವರಿಬ್ಬರಿಗೂ ಮೊದಲೇ ನಮ್ಮ ಲಡಾಖಿನ ಜನ ಮನೆಯ ಮಹಡಿಯಲ್ಲಿ ಶೌಚದ ಕೋಣೆಯಿಟ್ಟು, ಮೇಲಿಂದ ಮಣ್ಣು ತಳ್ಳಿ, ಕೆಳಗೆ ಮಾಗಿದ ಗೊಬ್ಬರವನ್ನು ಹೊಲಕ್ಕೆ ಹಾಕುತ್ತಿದ್ದರು. ನೀರು ದುರ್ಲಭವಾದ, ಚಳಿಗೆ ಕಲ್ಲಾಗುವ ನಾಡಿಗೆ ಅದೇ ಸರಿಯಾದ ದಾರಿ.

ಇದರಲ್ಲಿ ತಿಳಿಯಬೇಕಾದ ಗುಟ್ಟು ಒಂದೇ: ಮಲ ಮೂತ್ರಗಳನ್ನು ಒಂದಾಗಲು ಬಿಡಬಾರದು. ಮೂತ್ರದಲ್ಲಿ ಯೂರಿಯಾ ಎಂಬ ಪದಾರ್ಥವಿದೆ. ಮಲದ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸಾರ್ವಜನಿಕ ಶೌಚಾಲಯಗಳ ಬಾಗಿಲಲ್ಲಿ ಮೂಗಿಗೆ ಇರಿಯುವುದು ಬಹುಮಟ್ಟಿಗೆ ಇದೇ. ಎರಡನ್ನೂ ಬೇರೆಯಾಗಿಟ್ಟು ಮಲವನ್ನು ಒಣಗಿಸುತ್ತ ಬಂದರೆ, ನಾತದ ಬಹುಪಾಲು ಹುಟ್ಟುವುದೇ ಇಲ್ಲ.

ಇನ್ನು ಕಟ್ಟುವ ಕ್ರಮ. ದಪ್ಪ ಪ್ಲೈವುಡ್ಡಿನಿಂದ ಸುಮಾರು 40 ಸೆಂಟಿಮೀಟರು ಅಗಲ, 45 ಸೆಂಟಿಮೀಟರು ಎತ್ತರ, 50 ಸೆಂಟಿಮೀಟರು ಉದ್ದದ ಪೆಟ್ಟಿಗೆ ಮಾಡಿ, ಒಳಗೂ ಹೊರಗೂ ನೀರು ಹೀರದಂತೆ ಬಣ್ಣ ಬಳಿಯಬೇಕು. ಮೇಲೆ ಸಾಧಾರಣ ಕಮೋಡಿನ ಆಸನ. ಆಸನದ ಕೆಳಗೆ ಮುಂಭಾಗದಲ್ಲಿ ಲಾಳಿಕೆಯಂಥ ಪ್ಲಾಸ್ಟಿಕ್ಕಿನ ತಟ್ಟೆ. ಇದು ಮಾಡಿದ್ದೇ ಮಾರಾಟಕ್ಕೆ ಸಿಗುತ್ತದೆ. ಮೂತ್ರ ಅದರಲ್ಲಿ ಹರಿದು ಬಿಗಿ ಮುಚ್ಚಳದ ಡಬ್ಬಕ್ಕೆ ಇಳಿಯುತ್ತದೆ. ಹಿಂಭಾಗದಲ್ಲಿ 15 ಲೀಟರಿನ ಬಕೆಟ್ಟು, ಅದರೊಳಗೆ ಗಟ್ಟಿಯಾದ ಚೀಲ. ಡಬ್ಬವೂ ಪ್ಲಾಸ್ಟಿಕ್ಕಿನದೇ ಆಗಿರಬೇಕು. ತಗಡಾದರೆ ಮೂತ್ರ ಅದನ್ನು ತಿಂದುಹಾಕುತ್ತದೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದೂವರೆ ಲೀಟರು ಮೂತ್ರ ಬಿಡುವುದರಿಂದ ಇಬ್ಬರಿಗೆ 5 ಲೀಟರಿನ ಡಬ್ಬ ಎರಡು ದಿನಕ್ಕೂ ಸಾಲದು. 10 ಲೀಟರಿನದು ಮೂರು ದಿನ ಬರುತ್ತದೆ. ಬರಿದುಮಾಡಿದಾಗಲೆಲ್ಲ ಸ್ವಲ್ಪ ವಿನಿಗರ್ ಹಾಕಿ ಕುಲುಕಿದರೆ ಒಳಗೆ ಕರೆ ಕಟ್ಟುವುದಿಲ್ಲ.

ಮೇಲೆ ಮುಚ್ಚಲು ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಒಲೆಯ ಬೂದಿ, ಒಣಮಣ್ಣು, ಯಾವುದಾದರೂ ಆದೀತು. ಪಶ್ಚಿಮ ದೇಶಗಳಲ್ಲಿ ಇಟ್ಟಿಗೆಯಂತೆ ಒತ್ತಿದ ನಾರಿನ ಪುಡಿ ಮೆಚ್ಚಿನದು. ಅದು ಬಹಳಮಟ್ಟಿಗೆ ಭಾರತ, ಶ್ರೀಲಂಕೆಗಳಿಂದಲೇ ಹೋಗುತ್ತದೆ. ತೆಂಗಿನ ಸೀಮೆಯಲ್ಲಿ ನಾವು ನಾರು ತೆಗೆದು ರಾಶಿಹಾಕುವ ಪುಡಿ ಕಡಲಾಚೆ ಈ ಕೆಲಸಕ್ಕೆ ನಿಂತಿದೆ. ಪ್ರತಿಸಲವೂ ಎರಡು ಹಿಡಿ ಪುಡಿ ಉದುರಿಸಿದರೆ ಸಾಕು. ಪೆಟ್ಟಿಗೆಯಿಂದ ಹೊರಕ್ಕೆ ಒಂದು ಸಣ್ಣ ಕೊಳವೆ, ಅದರೊಳಗೆ ಕಂಪ್ಯೂಟರಿನಲ್ಲಿರುವಂಥ 12 ವೋಲ್ಟಿನ ಪುಟ್ಟ ಫ್ಯಾನು, ಹೊರತುದಿಗೆ ನೊಣ ನುಗ್ಗದಂತೆ ಬಲೆ. ಈ ಫ್ಯಾನು ಹಗಲಿರುಳು ತಿರುಗುತ್ತಿದ್ದರೆ ತೇವ ಆರಿ, ವಾಸನೆ ವ್ಯಾನಿನೊಳಕ್ಕೆ ತಿರುಗುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೆ ಪಟ್ಟಿಯಿಂದ ಬಿಗಿಯುವುದನ್ನು ಮರೆಯಬಾರದು. ಘಟ್ಟದ ತಿರುವಿನಲ್ಲಿ ಆ ಡಬ್ಬ ಉರುಳಿದರೆ ಏನಾಗುವುದೆಂದು ವರ್ಣಿಸಲು ನನ್ನಲ್ಲಿ ಅಲಂಕಾರಗಳಿಲ್ಲ.

ಬಳಸುವವರಿಗೂ ಕೆಲವು ನಿಯಮಗಳುಂಟು. ಗಂಡಸರೂ ಕುಳಿತೇ ಕೆಲಸ ಮುಗಿಸಬೇಕು. ನಿಂತವರ ಗುರಿ ನಂಬತಕ್ಕದ್ದಲ್ಲ. ಭೇದಿಯಾದಾಗ ಬೇರ್ಪಡಿಸುವ ಉಪಾಯ ನಡೆಯುವುದಿಲ್ಲ; ಆಗ ಪುಡಿಯನ್ನು ಧಾರಾಳವಾಗಿ ಸುರಿದು ಚೀಲವನ್ನು ಅಂದೇ ಕಟ್ಟಿ ತೆಗೆಯಬೇಕು. ನಮ್ಮವರಿಗೆ ದೊಡ್ಡ ತೊಡಕು ತೊಳೆದುಕೊಳ್ಳುವುದು. ಕಾಗದದಿಂದ ಒರೆಸಿ ಏಳುವುದು ನಮಗೆ ಒಗ್ಗದು. ತಂಬಿಗೆಯ ನೀರು ಬಕೆಟ್ಟಿಗೆ ಬಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ತಮಿಳುನಾಡು ಮೊದಲಾದ ಕಡೆ ಹಳ್ಳಿಗಳಲ್ಲಿ ಕಟ್ಟಿದ ಇಂಥ ಒಣ ಶೌಚಾಲಯಗಳಲ್ಲಿ ಮಲಕ್ಕೊಂದು, ಮೂತ್ರಕ್ಕೊಂದು, ತೊಳೆಯುವ ನೀರಿಗೊಂದು ಎಂದು ಮೂರು ದಾರಿ ಮಾಡಿದ್ದಾರೆ. ವ್ಯಾನಿನಲ್ಲೂ ಅದೇ ಉಪಾಯ: ಮೊದಲು ಕಾಗದದಿಂದ ಒರೆಸಿಕೊಂಡು, ಪಕ್ಕದ ಅಗಲವಾದ ಬೋಗುಣಿಯ ಮೇಲೆ ಕಾಲು ಲೀಟರು ನೀರಿನಲ್ಲಿ ತೊಳೆದುಕೊಳ್ಳುವುದು. ಆ ನೀರು ಮಲಿನವೇ ಆದುದರಿಂದ ಅದಕ್ಕೆ ಬೇರೊಂದು ಮುಚ್ಚಿದ ಡಬ್ಬವಿರಬೇಕು. ನನ್ನ ವಿದ್ಯಾರ್ಥಿಯ ತಾಯಿಗೆ ಧೈರ್ಯ ಬಂದುದು ಈ ಬೋಗುಣಿಯನ್ನು ಕಂಡ ಮೇಲೆಯೇ ಅಂತೆ. ಕೊನೆಗೆ ಕೈ ತೊಳೆಯುವುದು. ಇದೊಂದರಲ್ಲಿ ಜಿಪುಣತನ ಸಲ್ಲದು. ಸಾಬೂನು, ನೀರು ಎರಡೂ ಬೇಕೇ ಬೇಕು. ಸೀಸೆಯ ದ್ರವ ತಿಕ್ಕಿಕೊಂಡರೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ.

ಸ್ನಾನದ ಮಾತಿಗೆ ಬರೋಣ. ನಮ್ಮ ಧರ್ಮಶಾಸ್ತ್ರಗಳು ಏಳು ಬಗೆಯ ಸ್ನಾನಗಳನ್ನು ಹೇಳುತ್ತವೆ. ನೀರಿನಲ್ಲಿ ಮುಳುಗುವ ವಾರುಣಸ್ನಾನ ಅವುಗಳಲ್ಲಿ ಒಂದು ಮಾತ್ರ. ಭಸ್ಮದಿಂದ ಮಾಡುವುದು ಆಗ್ನೇಯ, ಮಣ್ಣಿನಿಂದ ಭೌಮ, ಗೋವುಗಳ ಗೊರಸಿನ ಧೂಳಿನಿಂದ ವಾಯವ್ಯ, ಧ್ಯಾನದಿಂದ ಮಾನಸ. ಇಸ್ಲಾಮಿನಲ್ಲಿಯೂ ನೀರು ಸಿಗದಾಗ ಶುದ್ಧವಾದ ಮಣ್ಣಿನಿಂದ ಮುಖ ಕೈಗಳನ್ನು ಸವರಿಕೊಳ್ಳುವ ತಯಮ್ಮುಮ್ ಎಂಬ ವಿಧಿಯಿದೆ. ನೀರಿಲ್ಲದವನೂ ರೋಗಿಯೂ ಅಶುಚಿಯೆಂದು ಕೊರಗಬಾರದೆಂಬ ಕರುಣೆ ಈ ವಿಧಿಗಳಲ್ಲಿ ಕಾಣುತ್ತದೆ. ಆದರೆ ವಾರವೆಲ್ಲ ಮಾನಸಸ್ನಾನವನ್ನೇ ಮಾಡಿದವನ ಪಕ್ಕದಲ್ಲಿ, ಬಾಗಿಲು ಮುಚ್ಚಿದ ವ್ಯಾನಿನೊಳಗೆ ಮಲಗುವವರು ಯಾರು?

ಇದಕ್ಕೆ ದಾರಿ ತೋರಿಸಿದವರು ಆಸ್ಪತ್ರೆಯ ದಾದಿಯರು ಮತ್ತು ಗಗನಯಾತ್ರಿಗಳು. 2000ದಿಂದ ಮನುಷ್ಯರು ಎಡೆಬಿಡದೆ ವಾಸಿಸುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸ್ನಾನದ ಷವರು ಇಲ್ಲ. ಅಲ್ಲಿಯವರು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ತೊಳೆಯಬೇಕಾಗಿಲ್ಲದ ಷಾಂಪೂವಿನಿಂದ ತಲೆಯನ್ನು ಶುಚಿಮಾಡಿಕೊಳ್ಳುತ್ತಾರೆ. ವ್ಯಾನಿನಲ್ಲಿ ಒಂದೂವರೆ ಲೀಟರು ಬೆಚ್ಚನೆಯ ನೀರು, ಎರಡು ತುಂಡು ಬಟ್ಟೆ ಇದ್ದರೆ ಒಬ್ಬರಿಗೆ ಸಾಕು. ಒಂದರಿಂದ ಸ್ವಲ್ಪ ಸಾಬೂನು ಹಚ್ಚಿ ಒರೆಸಿ, ಇನ್ನೊಂದರಿಂದ ಬರಿಯ ನೀರಿನಲ್ಲಿ ಒರೆಸುವುದು. ಮುಖ ಮೊದಲು, ಆಮೇಲೆ ಕೈ, ಎದೆ, ಬೆನ್ನು, ಕಾಲು, ಗುಹ್ಯಭಾಗಗಳು ಕೊನೆಗೆ. ಮನೆಯ ಷವರಿನ ಕೆಳಗೆ ಐದು ನಿಮಿಷ ನಿಂತರೆ ನಲವತ್ತು ಲೀಟರಿನಷ್ಟು ನೀರು ಹರಿದುಹೋಗುತ್ತದೆ. ಶೌಚದ ಪೆಟ್ಟಿಗೆಯ ಮುಂದೆಯೇ ಅಂಚು ಕಟ್ಟಿದ ಒಂದು ತಟ್ಟೆ, ಸುತ್ತ ಒಂದು ಪರದೆ ಇದ್ದರೆ ಬಚ್ಚಲೂ ಆಯಿತು. ಚಾವಣಿಯ ಗಾಳಿಕಿಂಡಿ ಮಾತ್ರ ತೆರೆದಿರಲಿ. ಚಳಿಯಲ್ಲಿ ಒಳಗಿನ ತೇವ ಲೋಹದ ಗೋಡೆಗೆ ತಾಗಿ ಹನಿಗಟ್ಟಿ, ಬೂಷ್ಟನ್ನೂ ತುಕ್ಕನ್ನೂ ತರುತ್ತದೆ.

ಇಷ್ಟೂ ಸುಲಭದ ಭಾಗ. ಕಷ್ಟದ ಭಾಗ ಬಕೆಟ್ಟು ತುಂಬಿದ ಮೇಲೆ ಬರುತ್ತದೆ. ಇಂಥ ಪೆಟ್ಟಿಗೆಗಳನ್ನು ಗೊಬ್ಬರದ ಶೌಚಾಲಯವೆಂದು ಕರೆದು ಮಾರುವುದುಂಟು; ಆದರೆ ಕೆಲವೇ ದಿನಗಳಲ್ಲಿ ಬಕೆಟ್ಟಿನಲ್ಲಿ ಗೊಬ್ಬರವಾಗುವುದಿಲ್ಲ. ಮಲ ಒಣಗಿರುತ್ತದೆ, ಅಷ್ಟೆ. ಜಂತುಹುಳುವಿನ ಮೊಟ್ಟೆಗಳು ಬಹುಕಾಲ ಬದುಕಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದಂತೆ, ಬೆಚ್ಚಗಿನ ನಾಡುಗಳಲ್ಲಿ ಒಂದು ವರ್ಷಕ್ಕೆ ಮೇಲ್ಪಟ್ಟು, ತಣ್ಣಗಿನ ನಾಡುಗಳಲ್ಲಿ ಒಂದೂವರೆಯಿಂದ ಎರಡು ವರ್ಷ ಅದನ್ನು ಹಾಗೆಯೇ ಮಾಗಲು ಬಿಡಬೇಕು. ಆದುದರಿಂದ ಪ್ರಯಾಣಿಕನು ಅದನ್ನು ತನ್ನೊಡನೆಯೇ ಕೊಂಡೊಯ್ಯಬೇಕು. ಸ್ಥಳೀಯ ನಿಯಮ ಒಪ್ಪುವ ಕಡೆ ಎರಡು ಚೀಲ ಕಟ್ಟಿ ಕಸಕ್ಕೆ ಸೇರಿಸಬೇಕು, ಇಲ್ಲವೇ ಸ್ವಂತ ನೆಲದ ಗುಂಡಿಯಲ್ಲಿ ಮಾಗಿಸಬೇಕು. ಮೂತ್ರವನ್ನೂ ತೊಳೆದ ನೀರನ್ನೂ ಶೌಚಾಲಯಕ್ಕೆ ಸುರಿಯಬೇಕೇ ಹೊರತು ಹಳ್ಳಕ್ಕಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ನದಿಯಲ್ಲಿ ದಿನಗಟ್ಟಲೆ ದೋಣಿಯಾತ್ರೆ ಮಾಡುವವರು ತಮ್ಮ ಮಲವನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಹೊರಕ್ಕೆ ತರಲೇಬೇಕು. ಅಲ್ಲಿ ದೊಡ್ಡ ಅಧಿಕಾರಿಯೂ ಕೋಟ್ಯಧೀಶನೂ ಕೂಡ ತನ್ನ ಪಾಲನ್ನು ಬಿಟ್ಟುಬರುವಂತಿಲ್ಲ.

ಈ ಮಾತು ಕೇಳಿದಾಗ ನಮ್ಮ ದೇಶದ ಚರಿತ್ರೆ ನೆನಪಾಗದಿರದು. ಮೌಲ್ ಪಾದ್ರಿಗಳ ಒಣಮಣ್ಣಿನ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಮ್ಮ ಸೆರೆಮನೆಗಳಿಗೂ ದಂಡಿನ ಪಾಳೆಯಗಳಿಗೂ ಬಂದಿತ್ತು. ಪದ್ಧತಿ ಒಳ್ಳೆಯದೇ, ಆದರೆ ಇಲ್ಲಿ ಕೂರುವವರು ಒಬ್ಬರು, ಹೊರುವವರು ಇನ್ನೊಬ್ಬರು. ಊರಿನ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊರುವ ಕೆಲಸವನ್ನು ಕೆಲವೇ ಜಾತಿಗಳ ಮೇಲೆ, ಅದರಲ್ಲೂ ಅವರ ಹೆಂಗಸರ ಮೇಲೆ ಹೇರಿ, ಆಮೇಲೆ ಅವರನ್ನೇ ಮುಟ್ಟಬಾರದವರೆಂದು ದೂರವಿಟ್ಟೆವು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇಡೀ ದೇಶಕ್ಕೆ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾಯಿದೆ ಬಂದವು. ಪೂರ್ತಿ ಕೊಳೆತು ಮಣ್ಣಾಗುವ ಮೊದಲು ಮಲವನ್ನು ಕೈಯಿಂದ ತೆಗೆಸುವ ಕೆಲಸಕ್ಕೆ ಯಾರನ್ನೂ ಹಚ್ಚಬಾರದೆಂಬುದು ಈ ಕಾಯಿದೆಯ ತಿರುಳು. ಹಾಗಾಗಿ ಇಂಥ ವ್ಯಾನಿನ ಒಡೆಯನು ಇಲ್ಲಿ ಕೂಲಿಯವನೊಬ್ಬನನ್ನು ಕರೆದು, ನೂರು ರೂಪಾಯಿ ಕೊಟ್ಟು, ಬಕೆಟ್ಟು ಚೆಲ್ಲಿ ಬಾ ಎಂದರೆ ಅದು ಅಸಭ್ಯತೆಯಷ್ಟೇ ಆಗಿ ಉಳಿಯದು, ಅಪರಾಧವೂ ಆಗುತ್ತದೆ. ಚೀಲ ಕಟ್ಟಿ ಬೀದಿಯ ಕಸಕ್ಕೆ ಎಸೆದರೂ ಬೆಳಗ್ಗೆ ಅದನ್ನು ಬಿಚ್ಚಬೇಕಾದುದು ಒಬ್ಬ ಪೌರಕಾರ್ಮಿಕರ ಕೈ.

ಚಲಿಸುವ ಶೌಚಾಲಯ ನಮಗೆ ಹೊಸದೂ ಅಲ್ಲ. ನಮ್ಮ ರೈಲುಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಅದು ಇದೆ. ಬಹುಕಾಲ ಅದೆಲ್ಲ ನೇರವಾಗಿ ಹಳಿಯ ಮೇಲೆಯೇ ಬೀಳುತ್ತಿತ್ತು. ಕುಳಿತವರಿಗೆ ರೈಲು ಮುಂದೆ ಹೋದರೆ ಮುಗಿಯಿತು. ಹಳಿಯ ಮೇಲೆ ನಡೆದು ದುಡಿಯುವ ಗ್ಯಾಂಗ್‌ಮನ್ನರಿಗೆ ಅಲ್ಲಿಂದಲೇ ಸಂಕಟದ ಆರಂಭ. ರಕ್ಷಣಾ ಸಂಶೋಧನಾ ಸಂಸ್ಥೆಯವರ ನೆರವಿನಿಂದ, ಸೂಕ್ಷ್ಮಜೀವಿಗಳು ಮಲವನ್ನು ಕರಗಿಸುವ ತೊಟ್ಟಿಗಳು ಈಗ ಡಬ್ಬಿಗಳ ಕೆಳಗೆ ಕುಳಿತಿವೆ. ಅವುಗಳೊಳಕ್ಕೆ ಬಾಟಲಿ, ಚಿಂದಿ, ಪೊಟ್ಟಣಗಳನ್ನು ತುರುಕದಿರುವುದು ಮಾತ್ರ ಪ್ರಯಾಣಿಕರಾದ ನಮ್ಮ ಕೆಲಸ.

ವ್ಯಾನು ಎಲ್ಲರ ಮನೆಯ ಮುಂದೆ ಬಂದು ನಿಲ್ಲಲಾರದು, ನಿಲ್ಲಬೇಕಾಗಿಯೂ ಇಲ್ಲ. ಆದರೆ ಆ ಪುಟ್ಟ ಪೆಟ್ಟಿಗೆ ಒಂದು ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಹಾಕುತ್ತದೆ. ಗುಂಡಿ ಒತ್ತಿ ನೀರು ಬಿಟ್ಟೊಡನೆ ನಮ್ಮ ಮಲಿನ ಮುಗಿಯಿತೆಂದು ನಾವು ತಿಳಿಯುತ್ತೇವೆ. ಅದು ಮುಗಿದಿರುವುದಿಲ್ಲ, ನಮ್ಮ ಕಣ್ಣಿನಿಂದ ಮರೆಯಾಗಿ ಇನ್ನೊಬ್ಬರ ಊರಿನ ಕೆರೆಗೋ ಇನ್ನೊಬ್ಬರ ಕೈಗೋ ಹೊರಟಿರುತ್ತದೆ. ಗಾಲಿಯ ಮೇಲಿನ ಮನೆಯಲ್ಲಿ ಆ ಮರೆ ಇಲ್ಲ. ಅಲ್ಲಿ ತಾಯಿ ನೆಮ್ಮದಿಯಿಂದ ನೀರು ಕುಡಿದು ಪ್ರಯಾಣ ಮಾಡುತ್ತಾಳೆ. ಮಗ ಸಂಜೆ ಕೈಗವಸು ತೊಟ್ಟು ಬಕೆಟ್ಟನ್ನು ತಾನೇ ಬರಿದುಮಾಡುತ್ತಾನೆ. ನಮ್ಮ ಮನೆಯ ಗುಂಡಿ ತುಂಬಿದಾಗ ಯಂತ್ರವನ್ನು ಕರೆಸಿ, ಮನುಷ್ಯನನ್ನು ಅದರೊಳಕ್ಕೆ ಇಳಿಸೆವೆಂದು ಹಟ ಹಿಡಿಯುವಷ್ಟಾದರೂ ನಾವು ಆ ಮಗನಿಂದ ಕಲಿತರೆ, 'ಶೌಚ' ಎಂಬ ಶಬ್ದಕ್ಕೆ ಅದರ ಹಳೆಯ ಅರ್ಥ ಮರಳಿ ಬಂದೀತು.